ಲೆಕ್ಕ, ನೆನಪು ಮತ್ತು ಋಣ: ನಂಜನಗೂಡು–ತಿರುಮಕೂಡಲು ನರಸೀಪುರ ಪರಿಸರದ ಜನಪದ ಧರ್ಮದೃಷ್ಟಿಯಲ್ಲಿ ಬೃಹತ್ ದತ್ತಾಂಶ

ಸಮಾಜವೊಂದು ತನ್ನನ್ನು ತಾನು ಎಣಿಸಿಕೊಳ್ಳುವ, ಅಳೆದುಕೊಳ್ಳುವ, ಬರೆದಿಟ್ಟುಕೊಳ್ಳುವ ಕಾರ್ಯ ಗಣಕಯಂತ್ರದೊಂದಿಗೆ ಆರಂಭವಾದದ್ದಲ್ಲ. ಶಾಸನ, ಕಡತ, ವಂಶಾವಳಿ, ಹರಕೆಯ ಲೆಕ್ಕ, ದೇವಾಲಯದ ಆಯವ್ಯಯ ಇವೆಲ್ಲವೂ ಒಂದೊಂದು ಕಾಲದ ದತ್ತಾಂಶಗಳೇ ಆಗಿವೆ. ಆದರೆ ಕಳೆದ ಎರಡು ದಶಕಗಳಲ್ಲಿ ಈ ಕಾರ್ಯದ ಸ್ವರೂಪ ಮೂಲಭೂತವಾಗಿ ಬದಲಾಗಿದೆ. ಮೊಬೈಲ್, ಅಂತರ್ಜಾಲ, ಆಧಾರ್, ಬ್ಯಾಂಕು, ಆಸ್ಪತ್ರೆ, ಪಡಿತರ ಅಂಗಡಿ ಇವುಗಳ ಮೂಲಕ ಪ್ರತಿಯೊಬ್ಬ ವ್ಯಕ್ತಿಯ ಬದುಕಿನ ಚೂರುಗಳು ನಿರಂತರವಾಗಿ ಸಂಗ್ರಹವಾಗುತ್ತಿವೆ. ಬೇರೆ ಬೇರೆ ಉದ್ದೇಶಕ್ಕೆ ಸಂಗ್ರಹಿಸಿದ ಈ ಚೂರುಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಮಾದರಿಗಳನ್ನು ಹುಡುಕಿ, ವ್ಯಕ್ತಿಯ ಬಗೆಗೆ ತೀರ್ಮಾನಕ್ಕೆ ಬರುವ ಕ್ರಮವನ್ನು ಸ್ಥೂಲವಾಗಿ ‘ಬೃಹತ್ ದತ್ತಾಂಶ’ ಎಂದು ಕರೆಯಲಾಗುತ್ತಿದೆ.

ಈ ಬೆಳವಣಿಗೆಯ ನೈತಿಕ ಪ್ರಶ್ನೆಗಳನ್ನು ಕುರಿತು ನಡೆಯುತ್ತಿರುವ ಚರ್ಚೆ ಬಹುಮಟ್ಟಿಗೆ ಕಾನೂನು ಮತ್ತು ತಂತ್ರಜ್ಞಾನದ ಪರಿಭಾಷೆಯಲ್ಲಿದೆ. ಧರ್ಮಶಾಸ್ತ್ರೀಯ ಚರ್ಚೆ ಇದ್ದರೂ ಅದು ಹೆಚ್ಚಾಗಿ ಸಾಂಸ್ಥಿಕ ಧರ್ಮಗಳ ಕಡೆಯಿಂದ ಬಂದದ್ದು. 2020ರ ಫೆಬ್ರವರಿಯಲ್ಲಿ ರೋಮ್‌ನಲ್ಲಿ ಸಹಿಯಾದ ಕೃತಕ ಬುದ್ಧಿಮತ್ತೆಯ ನೀತಿ ಕುರಿತ ಕರೆ, 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿ ಇದಕ್ಕೆ ನಿದರ್ಶನಗಳು. ಜನಪದ ಧರ್ಮಗಳಿಗೆ ಈ ವಿಷಯದಲ್ಲಿ ಹೇಳಲು ಏನಾದರೂ ಇದೆಯೇ ಎಂಬ ಪ್ರಶ್ನೆಯನ್ನು ಕಪಿಲಾ–ಕಾವೇರಿ ದಡದ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಪರಿಸರವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ. ಹೆಳವರ ವಂಶಾವಳಿ ಪರಂಪರೆ ಮತ್ತು ನೀಲಗಾರರ ಮಂಟೇಸ್ವಾಮಿ ಕಾವ್ಯ ಈ ಚರ್ಚೆಯ ಎರಡು ಮುಖ್ಯ ಆಕರಗಳಾಗಿವೆ.

1. ಎಣಿಕೆಯ ಹಿಂಜರಿಕೆ

ಹಳೆಯ ಮೈಸೂರು ಸೀಮೆಯ ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ವಾಡಿಕೆ ಎಲ್ಲರಿಗೂ ತಿಳಿದದ್ದು. ದೀಪವನ್ನು ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವುದು, ಮನೆಯ ಮಕ್ಕಳನ್ನೋ ಹಟ್ಟಿಯ ದನಗಳನ್ನೋ ಎದುರಿಗೇ ಎಣಿಸಿದರೆ ದೃಷ್ಟಿಯಾಗುತ್ತದೆಂದು ಅಳುಕುವುದು ಇದೇ ಮನೋಧರ್ಮದ ಬೇರೆ ರೂಪಗಳು. ಇವನ್ನು ಮೂಢನಂಬಿಕೆಯೆಂದು ಬದಿಗಿರಿಸುವುದು ಸುಲಭ. ಆದರೆ ಇವುಗಳ ಹಿಂದೆ ಒಂದು ತರ್ಕವಿದೆ. ರಾಶಿಯ ಹುಲುಸು ರೈತನೊಬ್ಬನ ಸಂಪಾದನೆಯಲ್ಲ; ಭೂಮಿ, ಮಳೆ, ಎತ್ತು, ಆಳು, ದೈವ ಇವರೆಲ್ಲರ ಪಾಲು ಅದರಲ್ಲಿದೆ. ಆದ್ದರಿಂದ ಅದನ್ನು ಅಂಕಿಯಿಂದ ಮುಚ್ಚಿ ‘ಇಷ್ಟೇ’ ಎಂದು ಹೇಳುವ ಅಧಿಕಾರ ಒಬ್ಬನಿಗೆ ಇರುವುದಿಲ್ಲ. ಹಾಗೆಂದು ಅಳತೆ ನಿಲ್ಲುವುದೂ ಇಲ್ಲ. ಅಳೆಯುವವನು ಮೊದಲು ತನ್ನ ಮಿತಿಯನ್ನು ಒಪ್ಪಿಕೊಂಡು ಅನಂತರ ಅಳೆಯುತ್ತಾನೆ.

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಐತಿಹ್ಯದಲ್ಲಿಯೂ ಅಳತೆಯ ಇಂತಹದೇ ಕಲ್ಪನೆ ಕಾಣುತ್ತದೆ. ಕಾಶಿಗೆ ಹೋಗಬೇಕೆಂದು ಹಂಬಲಿಸಿದ ಅಗಸನಿಗೆ ದೇವರು ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಿನದೆಂದು ತಿಳಿಸಿದನೆಂಬುದು ಪ್ರಚಲಿತ ಕಥೆ. ಗುಲಗಂಜಿ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಅತಿ ಚಿಕ್ಕ ತೂಕ. ನದಿಗಳ ಸಂಗಮದ ಮಹಿಮೆಯನ್ನು ಹೇಳಲು ಕೋಟಿ, ಅರ್ಬುದಗಳ ಸಂಖ್ಯೆಯನ್ನು ಬಳಸದೆ ಬೆರಳ ತುದಿಯಲ್ಲಿ ನಿಲ್ಲುವ ಒಂದು ಬೀಜವನ್ನು ಬಳಸಿರುವುದು ಗಮನಾರ್ಹ. ಕಥೆಯಲ್ಲಿ ತಕ್ಕಡಿಯನ್ನು ತೂಗಿಸಿದ್ದು ಸಂಗ್ರಹದ ಗಾತ್ರವಾಗಿರದೆ ಒಬ್ಬ ಅಗಸನ ಬಯಕೆಗೆ ದೊರೆತ ಉತ್ತರವಾಗಿದೆ.

ಶಿಷ್ಟ ಪರಂಪರೆಯ ಚಿತ್ರಗುಪ್ತನ ಕಲ್ಪನೆಯನ್ನೂ ಇಲ್ಲಿ ನೆನೆಯಬಹುದು. ಪ್ರತಿಯೊಬ್ಬರ ಪ್ರತಿಯೊಂದು ಕ್ರಿಯೆಯನ್ನೂ ಬರೆದಿಡುವ ಸಂಪೂರ್ಣ ದಾಖಲೆಯ ಕಲ್ಪನೆ ಭಾರತೀಯ ಮನಸ್ಸಿಗೆ ಅಪರಿಚಿತವಾದುದೇನಲ್ಲ. ಆದರೆ ಆ ಲೆಕ್ಕದ ಪುಸ್ತಕ ತೆರೆಯುವುದು ಮರಣಾನಂತರ. ಅದನ್ನು ಓದುವುದು ಆ ವ್ಯಕ್ತಿಯ ಎದುರಿಗೇ. ಓದುವ ಉದ್ದೇಶ ನ್ಯಾಯನಿರ್ಣಯವೊಂದೇ. ಬದುಕಿರುವಾಗಲೇ ಆ ಪುಸ್ತಕವನ್ನು ತೆರೆದು, ವ್ಯಕ್ತಿಗೆ ತಿಳಿಯದಂತೆ ಓದಿ, ಅವನಿಗೆ ಸಾಲ ಕೊಡಬೇಕೆ, ಯಾವ ವಸ್ತುವನ್ನು ಮಾರಬೇಕು ಎಂದು ನಿರ್ಧರಿಸುವ ಕಲ್ಪನೆ ಮಾತ್ರ ಅಪರಿಚಿತ. ಸರ್ವಜ್ಞತ್ವವನ್ನು ದೈವಕ್ಕೆ ಮಾತ್ರ ಬಿಟ್ಟುಕೊಟ್ಟ ಧರ್ಮದೃಷ್ಟಿಗೆ ಬೃಹತ್ ದತ್ತಾಂಶ ಒಡ್ಡುವ ಮೊದಲ ಸವಾಲು ಇದು.

2. ಶಾನುಭೋಗರ ಕಡತ, ಹೆಳವರ ವಂಶಾವಳಿ

ಈ ಪ್ರದೇಶದ ಹಳ್ಳಿಗಳಲ್ಲಿ ದಾಖಲೆಯ ಎರಡು ಪರಂಪರೆಗಳು ಅಕ್ಕಪಕ್ಕದಲ್ಲಿ ನಡೆದುಬಂದಿವೆ. ಮೊದಲನೆಯದು ಶಾನುಭೋಗರದು. ಹುಣಿಸೆಬೀಜದ ಅಂಟು ಮತ್ತು ಮಸಿಯನ್ನು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದ ಜಮೀನು, ಕಂದಾಯ, ಒಡೆತನಗಳ ಲೆಕ್ಕ ಅವರ ವಶದಲ್ಲಿರುತ್ತಿತ್ತು. ಈ ದಾಖಲೆಯ ಶಕ್ತಿ ಇದ್ದುದು ಅದನ್ನು ಎಲ್ಲರೂ ಓದಲಾರರು ಎಂಬುದರಲ್ಲಿ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಈ ಹುದ್ದೆಯನ್ನು ಕೊನೆಗಾಣಿಸಿತು. 2000ದ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದಿತು. ಹಳ್ಳಿಯ ಲೆಕ್ಕಿಗನ ಮರ್ಜಿಯಿಂದ ರೈತನನ್ನು ಬಿಡಿಸಿದ್ದು ಈ ಯೋಜನೆಯ ನಿಜವಾದ ಸಾಧನೆ. ಅದೇ ವೇಳೆಗೆ, ಕೈಗೆ ಸುಲಭವಾಗಿ ಸಿಗುವಂತಾದ ಕೇಂದ್ರೀಕೃತ ದಾಖಲೆಯು ಸಣ್ಣ ಹಿಡುವಳಿದಾರನಿಗಿಂತ ದೊಡ್ಡ ಪ್ರಮಾಣದಲ್ಲಿ ಭೂಮಿಯನ್ನು ಅರಸುವವರಿಗೆ ಹೆಚ್ಚು ಅನುಕೂಲವಾಯಿತೆಂದು ಬೆಂಗಳೂರು ಪರಿಸರವನ್ನು ಕುರಿತ 2007ರ ಅಧ್ಯಯನವೊಂದು ವಾದಿಸಿತು. ಶಾನುಭೋಗರ ಕಡತ ಹೋದರೂ ದಾಖಲೆ ಬಲ್ಲವನ ಬಲ ಹೋಗಲಿಲ್ಲ ಎಂಬುದು ಇದರ ತಾತ್ಪರ್ಯ.

ಎರಡನೆಯ ಪರಂಪರೆ ಹೆಳವರದು. ‘ಹೆಳವ’ ಎಂದರೆ ಕಾಲಿಲ್ಲದವನು. ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿ ಎತ್ತಿನ ಮೇಲೆ ಕುಳಿತು ಊರೂರು ಸುತ್ತಿ ವಂಶಚರಿತ್ರೆಯನ್ನು ಹೇಳುವ ಈ ಅಲೆಮಾರಿ ಸಮುದಾಯವನ್ನು ಎಡ್ಗರ್ ಥರ್ಸ್ಟನ್ನನ 1909ರ ಸಂಪುಟಗಳು ದಾಖಲಿಸಿವೆ. ಸುಗ್ಗಿಯ ಅನಂತರ ಒಕ್ಕಲ ಮನೆಯ ಮುಂದೆ ಬಂದು ನಿಲ್ಲುವ ಹೆಳವನು ಆ ಕುಟುಂಬದ ಮೂಲ ಊರು, ವಲಸೆ ಬಂದ ದಾರಿ, ಮನೆದೇವರು, ಬೆಡಗು, ತಲೆಮಾರುಗಳ ಹೆಸರು ಇವುಗಳನ್ನು ಸಾಲಾಗಿ ಹೇಳುತ್ತಾನೆ. ಹಿಂದಿನ ಭೇಟಿಯ ಅನಂತರ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಳ್ಳುತ್ತಾನೆ. ಮನೆಯವರು ಕಾಳು, ಹಣ, ಪಾತ್ರೆ, ಶಕ್ತಿಯಿದ್ದರೆ ದನಕರುಗಳನ್ನು ಕೊಡುತ್ತಾರೆ. ಯಾವ ಊರು ಯಾವ ಹೆಳವ ಕುಟುಂಬಕ್ಕೆ ಸೇರಿದ್ದು ಎಂಬುದು ಪರಂಪರೆಯಿಂದ ನಿಗದಿಯಾಗಿರುತ್ತದೆ. ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಹೋಗುವುದಿಲ್ಲ.

ಈ ಪದ್ಧತಿಯನ್ನು ದತ್ತಾಂಶದ ವ್ಯವಸ್ಥೆಯಾಗಿ ನೋಡಿದಾಗ ಅದರ ನಾಲ್ಕು ಲಕ್ಷಣಗಳು ಸ್ಪಷ್ಟವಾಗುತ್ತವೆ. ಒಂದು, ಮಾಹಿತಿ ಯಾರಿಗೆ ಸಂಬಂಧಿಸಿದೆಯೋ ಅವರ ಎದುರಿಗೇ ಅದನ್ನು ಹೇಳಲಾಗುತ್ತದೆ. ಎರಡು, ತಪ್ಪಿದ್ದರೆ ಮನೆಯ ಹಿರಿಯರು ಅಲ್ಲಿಯೇ ತಿದ್ದುತ್ತಾರೆ. ಮೂರು, ಮಾಹಿತಿಯನ್ನು ಕಾಪಾಡುವವನು ಯಾರು, ಅವನ ಮನೆತನ ಯಾವುದು ಎಂಬುದು ಮನೆಯವರಿಗೆ ತಿಳಿದಿರುತ್ತದೆ. ನಾಲ್ಕು, ಅವನ ಅನ್ನ ಅವರ ಕೈಯಲ್ಲಿರುತ್ತದೆ. ಹೆಳವನಿಗೆ ಒಕ್ಕಲಿನ ನೆನಪು ಗೊತ್ತು. ಒಕ್ಕಲಿಗೆ ಹೆಳವನ ಹಸಿವು ಗೊತ್ತು. ಈ ಪರಸ್ಪರತೆಯನ್ನು ‘ಋಣ’ ಎಂಬ ಪದ ಸರಿಯಾಗಿ ಸೂಚಿಸುತ್ತದೆ.

ಇದನ್ನು ಆದರ್ಶವೆಂದು ಕೊಂಡಾಡಲಾಗದು. ವಂಶಾವಳಿ ಮುಖ್ಯವಾಗಿ ಗಂಡುಸಂತತಿಯ ನೆನಪು. ಹೆಣ್ಣುಮಕ್ಕಳು ಅದರಲ್ಲಿ ಅಂಚಿಗೆ ಸರಿಯುತ್ತಾರೆ. ಹೆಳವರು ಹೆಚ್ಚಾಗಿ ಕೃಷಿಕ ಸಮುದಾಯಗಳ ಒಕ್ಕಲುಗಳನ್ನು ಅವಲಂಬಿಸಿದವರು. ಎಲ್ಲರ ಮನೆಯ ಮುಂದೆಯೂ ಅವರ ಎತ್ತು ನಿಲ್ಲುತ್ತಿರಲಿಲ್ಲ. ಬೆಡಗು, ಮೂಲಗಳ ಜ್ಞಾನ ಮದುವೆಯ ಸಂಬಂಧಗಳನ್ನು ಜಾತಿಯ ಒಳಗೇ ಬಿಗಿಯುವ ಸಾಧನವೂ ಆಗಿತ್ತು. ಅಂದರೆ ಹಳೆಯ ದತ್ತಾಂಶಕ್ಕೂ ತನ್ನದೇ ಆದ ಅನ್ಯಾಯವಿತ್ತು. ಆದರೆ ಆ ಅನ್ಯಾಯ ಯಾರದು, ಯಾರ ಬಾಯಿಂದ ಬಂದದ್ದು ಎಂದು ಕೇಳಲು ಒಂದು ಮುಖವಿತ್ತು ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ.

3. ಮಂಟೇಸ್ವಾಮಿ ಕಾವ್ಯದ ಎರಡು ಪ್ರಸಂಗಗಳು

ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಹರಡಿರುವ ಮಂಟೇಸ್ವಾಮಿ ಪರಂಪರೆಗೆ ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ದೊಡ್ಡ ಸಂಖ್ಯೆಯ ಒಕ್ಕಲುಗಳಿವೆ. ನೆರೆಯ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮತ್ತು ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಇದರ ಮುಖ್ಯ ಕ್ಷೇತ್ರಗಳು. ದೀಕ್ಷೆ ಪಡೆದ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ, ತಾಳಗಳೊಂದಿಗೆ ಈ ಕಾವ್ಯವನ್ನು ಹಾಡುತ್ತಾರೆ. ಹಿ. ಚಿ. ಬೋರಲಿಂಗಯ್ಯ ಅವರು ಸಂಪಾದಿಸಿದ ಪಠ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿತು. ಈ ಕಾವ್ಯದ ಎರಡು ಪ್ರಸಂಗಗಳು ಪ್ರಸ್ತುತ ಚರ್ಚೆಗೆ ನೇರವಾಗಿ ಸಂಬಂಧಿಸಿವೆ.

ಮೊದಲನೆಯದು ಕಲ್ಯಾಣದ ಸಾಲು. ಬಸವಣ್ಣನ ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುತ್ತಿದೆ. ಅಲ್ಲಿಗೆ ಮಂಟೇಸ್ವಾಮಿ ಕೊಳಕು ಮೈಯ, ಅಸಹ್ಯ ಹುಟ್ಟಿಸುವ ರೂಪದಲ್ಲಿ ಬರುತ್ತಾನೆ. ದೊಡ್ಡ ಸಂಖ್ಯೆಯ ಆ ಜಂಗಮರು ಗುರುವನ್ನು ಗುರುತಿಸಲಾರದೆ ದೂರ ಸರಿಯುತ್ತಾರೆ. ದಾಸೋಹದ ಲೆಕ್ಕದಲ್ಲಿ ಎಲ್ಲರೂ ಜಂಗಮರು. ಪರೀಕ್ಷೆಯಲ್ಲಿ ನಿಲ್ಲುವವರು ಬೆರಳೆಣಿಕೆಯಷ್ಟು. ವೇಷ, ಲಾಂಛನ, ಪಂಕ್ತಿಯಲ್ಲಿನ ಸ್ಥಾನ ಇವು ಹೊರಗಿನ ಗುರುತುಗಳು. ಇವುಗಳಿಂದ ವರ್ಗೀಕರಿಸಬಹುದೇ ಹೊರತು ಅರಿಯಲಾಗದು ಎಂಬುದು ಈ ಪ್ರಸಂಗದ ನಿಲುವು. ವ್ಯಕ್ತಿಯು ಖರೀದಿಸಿದ ವಸ್ತು, ಸುತ್ತಾಡಿದ ಸ್ಥಳ, ಮಾತಾಡಿದ ಸಂಖ್ಯೆಗಳ ಮೂಲಕ ಅವನ ಸ್ವಭಾವವನ್ನು ಊಹಿಸುವ ಇಂದಿನ ಗಣನ ಕ್ರಮವೂ ಲಾಂಛನಗಳನ್ನೇ ಓದುತ್ತದೆ. ಅದರ ಲೆಕ್ಕಕ್ಕೆ ಸಿಗದ ರೂಪದಲ್ಲಿ ಬಂದವನು, ದಾಖಲೆಯಿಲ್ಲದ ಅಲೆಮಾರಿ, ಬೆರಳಚ್ಚು ಸವೆದ ಕೂಲಿಗಾರ, ಬಾಗಿಲಲ್ಲೇ ಉಳಿಯುತ್ತಾನೆ.

ಎರಡನೆಯದು ಹಲಗೂರಿನ ಸಾಲು. ಮಂಟೇಸ್ವಾಮಿಯ ಸಿಸುಮಗನಾದ ಸಿದ್ಧಪ್ಪಾಜಿಯು ಗುರುವಿನ ಆಜ್ಞೆಯಂತೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಕಬ್ಬಿಣವಿದ್ದೂ ಇಲ್ಲವೆನ್ನುವ ಅವರು ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡಿ ಕೊನೆಗೆ ಮಣಿಯುತ್ತಾರೆ. ಸಿದ್ಧಪ್ಪಾಜಿಯೂ ಹುಟ್ಟಿನಿಂದ ಅದೇ ಕಸುಬಿನ ಮನೆಯವನು ಎಂಬುದು ಕಾವ್ಯದ ಸೂಕ್ಷ್ಮ. ಆದ್ದರಿಂದ ಈ ಕಥೆಯನ್ನು ತಂತ್ರಜ್ಞಾನದ ವಿರೋಧವೆಂದು ಓದುವುದು ಸರಿಯಾಗದು. ಮಠಕ್ಕೂ ಕಬ್ಬಿಣ ಬೇಕು. ಕಾವ್ಯ ಪ್ರಶ್ನಿಸುವುದು ಕುಲುಮೆಯನ್ನಲ್ಲ, ಕುಲುಮೆಯ ಒಡೆಯರು ತಮ್ಮಲ್ಲಿರುವುದನ್ನು ಮುಚ್ಚಿಟ್ಟು ಹೇಳಿದ ಸುಳ್ಳನ್ನು. ಸಮುದಾಯದ ಬದುಕಿಗೆ ಬೇಕಾದ ವಸ್ತುವಿನ ಮೇಲೆ ಹಿಡಿತವಿರುವವರು ಅದರ ಲೆಕ್ಕವನ್ನು ಕೇಳಿದವರಿಗೆ ಕೊಡಬೇಕಾದ ಋಣಕ್ಕೆ ಒಳಗಾಗಿದ್ದಾರೆ ಎಂಬ ನೀತಿ ಇಲ್ಲಿದೆ. ಜನರಿಂದ ಸಂಗ್ರಹಿಸಿದ ದತ್ತಾಂಶ ತಮ್ಮಲ್ಲಿ ಏನಿದೆ, ಎಷ್ಟಿದೆ, ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ತಿಳಿಸಲು ಹಿಂಜರಿಯುವ ಇಂದಿನ ಬೃಹತ್ ಸಂಸ್ಥೆಗಳಿಗೆ ಹಲಗೂರಿನ ಪ್ರಸಂಗ ಹಳೆಯ ಕಥೆಯಾಗಿ ಉಳಿಯುವುದಿಲ್ಲ.

4. ನಂಜನಗೂಡು, 2020

ಕಾವ್ಯದಲ್ಲಿ ಕಂಡ ಲಾಂಛನ ಮತ್ತು ಅರಿವಿನ ಅಂತರ ಇದೇ ನೆಲದಲ್ಲಿ ಇತ್ತೀಚೆಗೆ ಬೇರೊಂದು ರೀತಿಯಲ್ಲಿ ಅನುಭವಕ್ಕೆ ಬಂದಿತು. ನಂಜನಗೂಡಿನ ಶ್ರೀಕಂಠೇಶ್ವರ ಸ್ವಾಮಿಯು ವೈದ್ಯನೆಂದು ಪ್ರಸಿದ್ಧನಾದ ದೈವ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಗುಣವಾದುದಕ್ಕಾಗಿ ಸುಲ್ತಾನನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಲಿಂಗವನ್ನು ಒಪ್ಪಿಸಿದನೆಂಬ ಐತಿಹ್ಯವಿದೆ. ರೋಗ ಕಳೆಯಲೆಂದು ಭಕ್ತರು ಇಲ್ಲಿ ಹರಕೆ ಹೊರುತ್ತಾರೆ. ಮುಡಿ ಕೊಡುತ್ತಾರೆ, ಉರುಳುಸೇವೆ ಮಾಡುತ್ತಾರೆ. ಸೇವೆ ಎಲ್ಲರ ಕಣ್ಣೆದುರಿಗೆ ನಡೆದರೂ ಅದರ ಕಾರಣವಾದ ಬೇನೆ ಯಾವುದೆಂದು ಹೇಳಬೇಕಾದ ಕಟ್ಟಳೆ ಇಲ್ಲ. ಅದು ಭಕ್ತ ಮತ್ತು ದೈವದ ನಡುವಿನ ಮಾತು.

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ತಯಾರಿಕಾ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಸೋಂಕು ಕಾಣಿಸಿಕೊಂಡಿತು. ಸಾವಿರಕ್ಕೂ ಹೆಚ್ಚು ನೌಕರರನ್ನು ಪ್ರತ್ಯೇಕವಾಸದಲ್ಲಿ ಇರಿಸಲಾಯಿತು. ನೌಕರರು ಮತ್ತು ಅವರ ಸಂಪರ್ಕದವರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ದೃಢಪಟ್ಟಿತು. ರೋಗಿಗಳನ್ನು ಕ್ರಮಸಂಖ್ಯೆಯಿಂದ ಗುರುತಿಸಲಾಗುತ್ತಿತ್ತು. ಯಾವ ಸಂಖ್ಯೆಯವರಿಂದ ಯಾವ ಸಂಖ್ಯೆಯವರಿಗೆ ಸೋಂಕು ತಗುಲಿತೆಂಬ ಸರಪಣಿ ದಿನವೂ ಪ್ರಕಟವಾಗುತ್ತಿತ್ತು. ಅದೇ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಗಳನ್ನು ಬಹಿರಂಗಪಡಿಸಿತು. ಅಂಥವರು ಬೆಳಗಿನ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಸ್ಥಳದ ಗುರುತಿನೊಂದಿಗೆ ಮೊಬೈಲ್ ಆ್ಯಪ್ ಮೂಲಕ ಕಳುಹಿಸಬೇಕೆಂದು ಆದೇಶಿಸಿತು.

ಸಾಂಕ್ರಾಮಿಕವನ್ನು ತಡೆಯುವ ಧಾವಂತದಲ್ಲಿ ಸಂಪರ್ಕ ಪತ್ತೆ ಅನಿವಾರ್ಯವಾಗಿತ್ತು, ಅದು ಜೀವಗಳನ್ನು ಉಳಿಸಿತು ಎಂಬುದನ್ನು ಒಪ್ಪಬೇಕು. ಆದರೆ ಅಗತ್ಯವಾದ ಮಾಹಿತಿಗೂ ಬಹಿರಂಗಗೊಂಡ ಮಾಹಿತಿಗೂ ಇದ್ದ ಅಂತರ ಚಿಕ್ಕದಾಗಿರಲಿಲ್ಲ. ಹೆಸರನ್ನು ತೆಗೆದು ಸಂಖ್ಯೆಯನ್ನು ಕೊಟ್ಟರೆ ವ್ಯಕ್ತಿ ಮರೆಯಾಗುತ್ತಾನೆ ಎಂಬ ಎಣಿಕೆ ದೊಡ್ಡ ನಗರದಲ್ಲಿ ಒಂದಿಷ್ಟು ಸಲ್ಲಬಹುದು. ಎಲ್ಲರನ್ನೂ ಎಲ್ಲರೂ ಬಲ್ಲ ತಾಲ್ಲೂಕಿನಲ್ಲಿ ವಯಸ್ಸು, ಊರು, ಉದ್ಯೋಗ ಇಷ್ಟು ಸಾಕು. ಇಲ್ಲಿ ಗಮನಿಸಬೇಕಾದದ್ದು ದೈವದ ಮುಂದಿನ ಹರಕೆಯ ನೀತಿ. ಬೇನೆಯನ್ನು ನಿವಾರಿಸುವ ಶಕ್ತಿಯಿದ್ದವನಿಗೆ ಬೇನೆಯನ್ನು ಹೇಳುವುದು ಸಹಜ. ಹಾಗೆ ಹೇಳಿದ್ದು ಅಲ್ಲಿಯೇ ನಿಲ್ಲಬೇಕು. ವೈದ್ಯನಿಗೆ ಒಪ್ಪಿಸಿದ ಮಾತು ಊರಿನ ಮಾತಾದಾಗ ಮುರಿಯುವುದು ವ್ಯಕ್ತಿಯ ಮಾನ ಮಾತ್ರವಲ್ಲ, ಮುಂದೆ ಬೇನೆ ಬಂದವನು ಬಾಯಿ ಬಿಡುವ ಧೈರ್ಯವೂ ಹೌದು.

5. ವಂಶಾವಳಿಯ ಜಾಗತಿಕ ಭಂಡಾರ

ಮೇಲೆ ಹೇಳಿದ ಹೆಳವರ ಪರಂಪರೆಯೂ ಈಗ ಡಿಜಿಟಲ್ ಲೋಕವನ್ನು ಪ್ರವೇಶಿಸಿದೆ. ಅಮೆರಿಕದ ಫ್ಯಾಮಿಲಿಸರ್ಚ್ ಎಂಬ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಹೆಳವರ ವಂಶಾವಳಿ ದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸದಲ್ಲಿ ತೊಡಗಿದೆ. ಈ ಸಂಸ್ಥೆಯ ಮೂಲ 1894ರಲ್ಲಿ ಸ್ಥಾಪಿತವಾದ ಯೂಟಾ ವಂಶಾವಳಿ ಸಂಘ. ಇದು ಸಾಮಾನ್ಯವಾಗಿ ಮಾರ್ಮನ್ ಎಂದು ಪರಿಚಿತವಾದ ಕ್ರೈಸ್ತ ಪಂಥಕ್ಕೆ ಸೇರಿದ್ದು. 1938ರಿಂದ ಜಗತ್ತಿನ ನಾನಾ ಭಾಗಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿದ ಈ ಸಂಘವು ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣವನ್ನು 2021ರಲ್ಲಿ ಪೂರ್ಣಗೊಳಿಸಿತು. ಹರಿದ್ವಾರದ ಪಂಡರ ಬಳಿಯಿದ್ದ ವಂಶಾವಳಿ ವಹಿಗಳನ್ನೂ ಅದು ಚಿತ್ರೀಕರಿಸಿದೆ.

ಇಷ್ಟು ದೊಡ್ಡ ಸಂಗ್ರಹದ ಹಿಂದೆ ಇರುವುದು ಒಂದು ಧರ್ಮಶಾಸ್ತ್ರೀಯ ನಂಬಿಕೆ. ಗತಿಸಿದ ಪೂರ್ವಿಕರ ಪರವಾಗಿ ಬದುಕಿರುವವರು ದೀಕ್ಷಾಸ್ನಾನವೇ ಮೊದಲಾದ ಸಂಸ್ಕಾರಗಳನ್ನು ನೆರವೇರಿಸಬಹುದು, ಅದಕ್ಕೆ ಪೂರ್ವಿಕರ ಹೆಸರು ತಿಳಿದಿರಬೇಕು ಎಂಬುದು ಆ ಪಂಥದ ವಿಶ್ವಾಸ. ಪಿತೃಗಳ ಹೆಸರು ಹೇಳಿ ಎಳ್ಳುನೀರು ಬಿಡುವ ಸಮಾಜಕ್ಕೆ ಈ ಭಾವ ಅಪರಿಚಿತವೆನಿಸದು. ಆದರೆ ಬೇರೆ ಧರ್ಮದವರ ಪೂರ್ವಿಕರ ಹೆಸರುಗಳು ಸಂಗ್ರಹಕ್ಕೆ ಸೇರಿದಾಗ ತೊಡಕು ಹುಟ್ಟಿತು. ನಾಜಿ ಹತ್ಯಾಕಾಂಡದಲ್ಲಿ ಮಡಿದ ಯಹೂದ್ಯರ ಪರವಾಗಿ ಇಂತಹ ಸಂಸ್ಕಾರಗಳು ನಡೆದದ್ದು ಬೆಳಕಿಗೆ ಬಂದು, 1995ರಲ್ಲಿ ಯಹೂದಿ ಸಂಘಟನೆಗಳೊಂದಿಗೆ ಒಪ್ಪಂದವಾಯಿತು. 2008ರಲ್ಲಿ ವ್ಯಾಟಿಕನ್ ತನ್ನ ಚರ್ಚುಗಳ ದಾಖಲೆಗಳನ್ನು ಈ ಸಂಘಕ್ಕೆ ಕೊಡಬಾರದೆಂದು ಸೂಚಿಸಿತು.

ಇದನ್ನು ಇಲ್ಲಿ ಪ್ರಸ್ತಾಪಿಸುವ ಉದ್ದೇಶ ಯಾವುದೇ ಪಂಥದ ನಂಬಿಕೆಯನ್ನು ಆಕ್ಷೇಪಿಸುವುದಲ್ಲ. ಗೆದ್ದಲು, ತೇವಗಳಿಗೆ ಬಲಿಯಾಗುತ್ತಿದ್ದ ಹೊತ್ತಿಗೆಗಳು ಉಳಿಯುತ್ತಿರುವುದು ಉಪಕಾರವೇ. ಹೆಳವರ ಮುಂದಿನ ತಲೆಮಾರು ಎತ್ತಿನ ಮೇಲೆ ಊರು ಸುತ್ತುವುದನ್ನು ಬಿಟ್ಟು ಬೇರೆ ಉದ್ಯೋಗ ಹಿಡಿಯುತ್ತಿರುವಾಗ ಈ ಉಪಕಾರದ ಬೆಲೆ ಇನ್ನೂ ಹೆಚ್ಚು. ಆದರೂ ಒಂದು ಹೆಸರು ಹೇಳುವವನಿಂದ ಬೇರ್ಪಟ್ಟು ಭಂಡಾರವನ್ನು ಸೇರಿದ ಕೂಡಲೇ ಅದಕ್ಕೆ ಹೊಸ ಅರ್ಥ, ಹೊಸ ವಿನಿಯೋಗ ಸಾಧ್ಯವಾಗುತ್ತದೆ ಎಂಬುದನ್ನು ಈ ನಿದರ್ಶನ ಕಾಣಿಸುತ್ತದೆ. ಒಪ್ಪಿಗೆ ಕೊಡಬೇಕಾದವರು ಯಾರು ಎಂಬುದೇ ಇಲ್ಲಿನ ಬಿಕ್ಕಟ್ಟು. ಹೊತ್ತಿಗೆ ಹೆಳವನದು, ಅದರಲ್ಲಿರುವ ಹೆಸರುಗಳು ಒಕ್ಕಲುಗಳವು, ಆ ಹೆಸರಿನವರು ಬಹುಪಾಲು ಗತಿಸಿದವರು. ಹಳೆಯ ಪದ್ಧತಿಯಲ್ಲಿ ಈ ಮೂವರೂ ಮನೆಯ ಜಗುಲಿಯ ಮುಂದೆ ಕೂಡುತ್ತಿದ್ದರು.

6. ಕಾನೂನಿನ ಎಲ್ಲೆ

ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಸ್ಮರಣೀಯ. ಅನಂತರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು.

ಈ ಕಾಯಿದೆ ಬಾಯಿಂದ ಬಾಯಿಗೆ ಬಂದ ಮಾಹಿತಿಗೂ ಕಾಗದದಲ್ಲೇ ಉಳಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಅದು ಡಿಜಿಟಲ್ ರೂಪಕ್ಕೆ ಬಂದ ಮೇಲೆ ಅನ್ವಯಿಸುತ್ತದೆ. ನಿಗದಿತ ಮಾನದಂಡಗಳನ್ನು ಪಾಲಿಸಿ ನಡೆಸುವ, ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೆ ಬಳಸದ ಸಂಶೋಧನೆ, ಪತ್ರಾಗಾರ ಮತ್ತು ಅಂಕಿಅಂಶದ ಕಾರ್ಯಕ್ಕೆ ಅದರಲ್ಲಿ ವಿನಾಯಿತಿ ಇದೆ. ಅಂದರೆ ಹೆಳವನ ಬಾಯಲ್ಲಿದ್ದಾಗ ಋಣದಿಂದ ರಕ್ಷಿತವಾಗಿದ್ದ ಹೆಸರು ಗಣಕಕ್ಕೆ ಬಂದಾಗ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಸಂಶೋಧಕನ ಕೈಯಲ್ಲಿ ಬಹುಮಟ್ಟಿಗೆ ಅವನ ವಿವೇಕವನ್ನೇ ಅವಲಂಬಿಸುತ್ತದೆ. ಅಲ್ಲದೆ ಕಾನೂನು ನೋಡುವುದು ಒಬ್ಬೊಬ್ಬ ವ್ಯಕ್ತಿಯನ್ನು. ಕುಲ, ಒಕ್ಕಲು, ಊರು ಎಂಬ ಸಮೂಹಕ್ಕೆ ಸೇರಿದ ನೆನಪಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಸಂದರ್ಭದಲ್ಲಿ ಉಚ್ಚ ನ್ಯಾಯಾಲಯವು ಮಾಹಿತಿ ನೀಡುವುದು ಐಚ್ಛಿಕ, ಸಂಗ್ರಹಿಸಿದ್ದು ಗೋಪ್ಯವಾಗಿರಬೇಕು ಎಂದು ಮಧ್ಯಂತರ ಆದೇಶದಲ್ಲಿ ಹೇಳಿತು. ಎಣಿಕೆಯಲ್ಲಿ ಸೇರದ ಸಣ್ಣ ಸಮುದಾಯಗಳಿಗೆ ನ್ಯಾಯ ಸಿಗುವುದಿಲ್ಲ ಎಂಬುದೂ ನಿಜ, ಎಣಿಕೆಗೆ ಒಳಗಾಗುವವರ ಘನತೆ ಉಳಿಯಬೇಕೆಂಬುದೂ ನಿಜ. ಊರಿಂದೂರಿಗೆ ಅಲೆಯುವ ಹೆಳವರಂತಹವರಿಗೆ ಮೊದಲನೆಯದು ಹೆಚ್ಚು ಸುಡುವ ಸತ್ಯ. ಶತಮಾನಗಳಿಂದ ಇತರರ ವಂಶವನ್ನು ಬರೆದಿಟ್ಟವರಿಗೆ ತಮ್ಮದೇ ವಾಸದ ದಾಖಲೆ ಒದಗಿಸುವುದು ಕಷ್ಟವಾಗುವ ವ್ಯಂಗ್ಯವನ್ನು ಈ ವಿಷಯದ ಅಧ್ಯಯನಕಾರರು ಮರೆಯಬಾರದು.

7. ದನಿಯ ದಾನ ಮತ್ತು ಸಂಶೋಧಕರ ಹೊಣೆ

ಈ ಚರ್ಚೆ ಕೊನೆಗೆ ಜಾನಪದ ಸಂಶೋಧನೆಯ ಬಾಗಿಲಿಗೇ ಬರುತ್ತದೆ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ಮಲೆಯ ಮಾದೇಶ್ವರ ಕಾವ್ಯದಿಂದ ಮೊದಲ್ಗೊಂಡು ಈ ಭಾಗದ ಮಹಾಕಾವ್ಯಗಳ ಸಂಗ್ರಹ ಅರ್ಧ ಶತಮಾನವನ್ನು ದಾಟಿದೆ. ವಿಶ್ವವಿದ್ಯಾಲಯಗಳಲ್ಲಿ, ಅಕಾಡೆಮಿಗಳಲ್ಲಿ, ವಿದ್ವಾಂಸರ ಮನೆಗಳಲ್ಲಿ ಇರುವ ಧ್ವನಿಸುರುಳಿಗಳು ಈಗ ಡಿಜಿಟಲ್ ಆಗುತ್ತಿವೆ. ಹಾಡಿದವರು ಒಪ್ಪಿದ್ದು ಎದುರಿಗೆ ಕುಳಿತ ಸಂಗ್ರಾಹಕನಿಗೆ, ಹೆಚ್ಚೆಂದರೆ ಒಂದು ಪುಸ್ತಕಕ್ಕೆ. ಅದೇ ದನಿ ಅಂತರ್ಜಾಲವನ್ನು ಸೇರಿದರೆ ಯಂತ್ರಕ್ಕೆ ಭಾಷೆ ಕಲಿಸುವ ಸಾಮಗ್ರಿಯಾಗಬಹುದು. ಈ ಸಾಧ್ಯತೆ ಅಂದಿನ ಹಾಡುಗಾರನಿಗೂ ಸಂಗ್ರಾಹಕನಿಗೂ ತಿಳಿದಿರಲಿಲ್ಲ.

ಕನ್ನಡಕ್ಕೆ ಯಂತ್ರಭಾಷಾ ಸಾಮರ್ಥ್ಯ ಬೇಡವೆನ್ನುವಂತಿಲ್ಲ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆಯು ಜನರಿಂದ ದನಿ ಮತ್ತು ಪಠ್ಯಗಳನ್ನು ಪಡೆಯುವ ಕಾರ್ಯಕ್ಕೆ ‘ಭಾಷಾ ದಾನ’ ಎಂಬ ಹೆಸರಿಟ್ಟಿದೆ. ಈ ಹೆಸರು ಒಂದು ಧಾರ್ಮಿಕ ಪರಿಕಲ್ಪನೆಯನ್ನು ಬಳಸುತ್ತದೆ. ದಾನವೆಂದರೆ ಮರಳಿ ಬಯಸದೆ ಕೊಡುವುದು. ದಾನಿಯು ಸ್ವತಃ, ತಿಳಿದು, ಮನಸಾರೆ ಕೊಟ್ಟಾಗ ಮಾತ್ರ ಅದು ದಾನ. ನೀಲಗಾರನ ಭಿಕ್ಷೆಯಾದರೋ ಬೇರೆ ಬಗೆಯದು. ಅವನು ಒಕ್ಕಲಿನಿಂದ ಕಾಳು ಪಡೆಯುತ್ತಾನೆ, ಗುರುವಿನ ಹೆಸರಿನಲ್ಲಿ ಹಾಡನ್ನೂ ಹರಕೆಯನ್ನೂ ಮರಳಿಸುತ್ತಾನೆ. ತಿಳಿಯದೆ ಪಡೆದದ್ದನ್ನು ದಾನವೆನ್ನಲಾಗದು, ಮರಳಿಸದೆ ಪಡೆದದ್ದನ್ನು ಭಿಕ್ಷೆಯೆನ್ನಲೂ ಆಗದು. ನ್ಯೂಜಿಲೆಂಡಿನ ಮಾವೊರಿ ಸಮುದಾಯದ ತೆ ಹಿಕು ಎಂಬ ಪ್ರಸಾರ ಸಂಸ್ಥೆ 2018ರಲ್ಲಿ ಹತ್ತು ದಿನಗಳಲ್ಲಿ ತನ್ನ ಭಾಷೆಯ 300ಕ್ಕೂ ಹೆಚ್ಚು ಗಂಟೆಗಳ ದನಿಯನ್ನು ಸಮುದಾಯದಿಂದಲೇ ಪಡೆಯಿತು. ಅದನ್ನು ಹೊರಗಿನ ಕಂಪನಿಗಳಿಗೆ ಮಾರದೆ, ಒಡೆತನಕ್ಕೆ ಬದಲಾಗಿ ಪಾಲನೆಯ ಕಲ್ಪನೆಯನ್ನು ಆಧರಿಸಿದ ಪರವಾನಗಿಯನ್ನು ರೂಪಿಸಿತು. 2019ರಲ್ಲಿ ಮೂಲನಿವಾಸಿ ದತ್ತಾಂಶದ ಜಾಗತಿಕ ಒಕ್ಕೂಟವು ಪ್ರಕಟಿಸಿದ ‘ಕೇರ್’ ತತ್ತ್ವಗಳೂ ಸಮೂಹದ ಹಿತ, ನಿಯಂತ್ರಣದ ಅಧಿಕಾರ, ಹೊಣೆ ಮತ್ತು ನೀತಿಗಳನ್ನು ಮುಂದಿಟ್ಟಿವೆ. ಒಕ್ಕಲುತನದ ನೀತಿ ಇವುಗಳಿಗೆ ದೂರದ್ದಲ್ಲ.

ಇದರಿಂದ ಕೆಲವು ಪ್ರಾಯೋಗಿಕ ಸೂಚನೆಗಳು ಹೊರಡುತ್ತವೆ. ಹಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್ ಮಾಡುವಾಗ ಹಾಡಿದವರ ಹೆಸರು, ಊರು, ಗುರುಮನೆಗಳ ವಿವರ ದನಿಯಿಂದ ಬೇರೆಯಾಗದಂತೆ ನೋಡಿಕೊಳ್ಳಬೇಕು. ಹಾಡುಗಾರ ಅಥವಾ ಅವನ ಕುಟುಂಬಕ್ಕೆ ಒಂದು ಪ್ರತಿ ಮರಳಬೇಕು. ದೀಕ್ಷೆಯಿಲ್ಲದವರು ಕೇಳಬಾರದ, ನಿರ್ದಿಷ್ಟ ಕಾಲದಲ್ಲಿ ಮಾತ್ರ ಹಾಡಬೇಕಾದ ಭಾಗಗಳಿದ್ದರೆ ಅವನ್ನು ಪರಂಪರೆಯವರಿಂದಲೇ ತಿಳಿದು ಪ್ರತ್ಯೇಕವಾಗಿ ಇರಿಸಬೇಕು. ಅಂತರ್ಜಾಲದ ಪ್ರಕಟಣೆಗೂ ಯಂತ್ರಕಲಿಕೆಗೂ ಬೇರೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ವಂಶಾವಳಿಗಳ ವಿಷಯದಲ್ಲಿ ಹೆಳವನ ಒಪ್ಪಿಗೆಯೊಂದಿಗೆ ಒಕ್ಕಲಿನ ಹಿರಿಯರ ಮಾತನ್ನೂ ಕೇಳಬೇಕು. ಬದುಕಿರುವವರ ಹೆಸರುಗಳನ್ನು ಬಹಿರಂಗ ಸಂಗ್ರಹದಿಂದ ಹೊರಗಿಡಬೇಕು.

ಸಮಾರೋಪ

ಜನಪದ ಧರ್ಮದೃಷ್ಟಿ ತಂತ್ರಜ್ಞಾನವನ್ನು ಒಲ್ಲೆ ಎನ್ನುವುದಿಲ್ಲ. ಲೆಕ್ಕವನ್ನೂ ಒಲ್ಲೆ ಎನ್ನುವುದಿಲ್ಲ. ಕಣದಲ್ಲಿ ಅಳತೆ ನಡೆಯುತ್ತದೆ, ಮಠಕ್ಕೆ ಕಬ್ಬಿಣ ಬರುತ್ತದೆ, ಹೆಳವನ ಹೊತ್ತಿಗೆ ಬೆಳೆಯುತ್ತದೆ. ಅದು ಕೇಳುವ ಪ್ರಶ್ನೆ ಒಂದೇ: ಇದನ್ನು ಇಟ್ಟುಕೊಂಡವನು ಯಾರಿಗೆ ಋಣಿ? ಖಾಸಗಿತನದ ಹಕ್ಕು ವ್ಯಕ್ತಿಯ ಸುತ್ತ ಗೋಡೆಯನ್ನು ಕಟ್ಟಿ ರಕ್ಷಿಸುತ್ತದೆ. ಅದು ಇಂದು ಅನಿವಾರ್ಯ. ಋಣದ ನೀತಿ ಮಾಹಿತಿಯನ್ನು ಕೊಟ್ಟವನಿಗೂ ಇಟ್ಟುಕೊಂಡವನಿಗೂ ನಡುವೆ ನಡೆದಾಡುವ ದಾರಿಯೊಂದನ್ನು ಉಳಿಸುತ್ತದೆ. ಬೃಹತ್ ದತ್ತಾಂಶದ ಕಾಲದಲ್ಲಿ ಗೋಡೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ, ದಾರಿಯ ಬಗ್ಗೆ ನಡೆದದ್ದು ಕಡಿಮೆ. ಆ ದಾರಿಯನ್ನು ಉಳಿಸುವ ಕೆಲಸವನ್ನು ಜನಪದರ ದನಿಯನ್ನು ಅತಿ ಹೆಚ್ಚು ಪಡೆದಿರುವ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮತ್ತು ಗ್ರಂಥಾಲಯಗಳು ತಮ್ಮ ಸಂಗ್ರಹಗಳಿಂದಲೇ ಆರಂಭಿಸುವುದು ಯೋಗ್ಯವೆನಿಸುತ್ತದೆ.